ಆಟಗಾರರ ಚೀಟಿಗೂ ಅಡಕೆಯಂತೆ ದರ್ಜೆ!

ಚನ್ನಗಿರಿಯ ಮಂಡಿಗೆ ಅಡಕೆಯ ಮೂಟೆ ಬಂದೊಡನೆ ಅನುಭವಸ್ಥನು ಒಂದು ಹಿಡಿಯನ್ನು ಅಂಗೈಗೆ ಸುರಿದುಕೊಂಡು, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ತೀರ್ಪು ಕೊಡುತ್ತಾನೆ. ಹೊನ್ನಾಳಿ, ನ್ಯಾಮತಿಗಳ ತೋಟದವರಿಗೂ ಈ ಹೆಸರುಗಳು ಬಾಯಿಪಾಠ. ಜಗಳೂರಿನ ಬಯಲುಸೀಮೆಯಲ್ಲಿಯೂ ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲ. ಅಡಕೆಯ ಗುಣವರಿಯದವರು ಅಲ್ಲಿಯೂ ವಿರಳ. ಆದರೆ ಆಟಗಾರರ ಚಿತ್ರವನ್ನು ಹೊತ್ತ ರಟ್ಟಿನ ಚೀಟಿಗೂ ಇದೇ ಬಗೆಯ ದರ್ಜೆಯುಂಟೆಂದರೆ ಎಲ್ಲರೂ ಹುಬ್ಬೇರಿಸಿಯಾರು.

ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಪಿ.ಎಸ್.ಎ. ಎಂಬ ಸಂಸ್ಥೆಯು ಇಂತಹ ಚೀಟಿಗಳನ್ನು ಪರೀಕ್ಷಿಸಿ, 1ರಿಂದ 10ರವರೆಗೆ ಅಂಕವಿತ್ತು, ಪ್ಲಾಸ್ಟಿಕ್ ಕವಚದೊಳಗೆ ಭದ್ರಪಡಿಸಿ ಕೊಡುತ್ತದೆ. ಚಿತ್ರವು ನಟ್ಟನಡುವೆ ಇದೆಯೆ, ಮೂಲೆಗಳು ಚೂಪಾಗಿವೆಯೆ, ಅಂಚು ಸವೆದಿದೆಯೆ, ಮೈಮೇಲೆ ಗೀರು ಬಿದ್ದಿದೆಯೆ ಎಂಬುವೇ ಮುಖ್ಯ ಪ್ರಶ್ನೆಗಳು. ಆಟಗಾರನ ಹಿರಿಮೆಗೆ ಅಲ್ಲಿ ಅಂಕವಿಲ್ಲ.

ಪೇಟೆ ಮಾತ್ರ ವಯಸ್ಸನ್ನು ಮರೆಯುವುದಿಲ್ಲ. ಇಂದಿನ ಚೀಟಿಗಳನ್ನು ಕೊಂಡವರು ಪೊಟ್ಟಣ ಒಡೆದೊಡನೆ ಜೋಪಾನಮಾಡುವುದರಿಂದ ಹತ್ತು ಅಂಕದವು ಹೇರಳವಾಗಿ ದೊರೆಯುತ್ತವೆ. ಒಂಬತ್ತಕ್ಕೆ ಇಳಿದರೆ ಬೆಲೆಯೂ ಕುಸಿಯುತ್ತದೆ. ಹಳೆಯವುಗಳು ಉಳಿದುಬಂದದ್ದೇ ಒಂದು ಸೋಜಿಗ. 1909ರಿಂದ 1911ರವರೆಗಿನ ಅವಧಿಯಲ್ಲಿ ಸಿಗರೇಟಿನೊಡನೆ ಬಂದ ಮಾಲೆಯಲ್ಲಿ ಬೇಸ್‌ಬಾಲ್ ವೀರ ಹೋನಸ್ ವ್ಯಾಗ್ನರನ ಚೀಟಿ ಅತಿ ವಿರಳ. ಅದರ ಸವೆದುಹೋದ ಪ್ರತಿಯೊಂದು, ಬರಿಯ 2 ಅಂಕದ್ದು, 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು!

ಅದೇ ವ್ಯಾಗ್ನರನ ಇನ್ನೊಂದು ಪ್ರತಿಯೇ ಪಿ.ಎಸ್.ಎ. ದರ್ಜೆ ಕಟ್ಟಿದ ಮೊತ್ತಮೊದಲ ಚೀಟಿ. ಅದಕ್ಕೆ ದೊರೆತದ್ದು 8 ಅಂಕ. ಎಂಬತ್ತು ವರ್ಷ ಕಳೆದರೂ ಅಂಚುಗಳು ಎಷ್ಟು ನೇರ! ಅದನ್ನು ಹಿಂದೆ ಕೊಂಡು ಮಾರಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೋ, ಅಂಚನ್ನು ತಾನೇ ಕತ್ತರಿಸಿದ್ದುದಾಗಿ 2013ರಲ್ಲಿ ಒಪ್ಪಿಕೊಂಡನು. ಅಡಕೆಗೆ ಬಣ್ಣ ಹಾಕಿ ದರ್ಜೆ ಏರಿಸುವವರ ಸುದ್ದಿಯನ್ನು ಕೇಳಿರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಭಾರತದಲ್ಲಿ 1980ರ ದಶಕದಲ್ಲಿ ಬಿಗ್ ಫನ್ ಬಬಲ್‌ಗಮ್ಮಿನ ಜೊತೆಗೆ ಕ್ರಿಕೆಟ್ ಚೀಟಿಗಳು ಬರುತ್ತಿದ್ದವು. ಅವುಗಳಲ್ಲಿ ಅಚ್ಚಾಗಿದ್ದ ರನ್ನು, ವಿಕೆಟ್ಟುಗಳನ್ನು ಕೂಡಿಸಿ ಬಾಲಕರು ಬಹುಮಾನಕ್ಕೆ ಒಪ್ಪಿಸಿಬಿಡುತ್ತಿದ್ದರು. ಉಳಿದವು ಚಡ್ಡಿಯ ಜೇಬಿನಲ್ಲಿ ಬೆವರು ಕುಡಿದು ಮೆತ್ತಗಾದವು. ಅಂತಹದೊಂದು ಕಟ್ಟು ಅಟ್ಟದ ಟ್ರಂಕಿನಲ್ಲಿ ಸಿಕ್ಕಿದರೆ, ಅಂದಗೊಳಿಸುವ ಉತ್ಸಾಹದಿಂದ ಯಾರೂ ಕತ್ತರಿ, ಅಂಟುಗಳ ಹತ್ತಿರ ಹೋಗಬಾರದು. ಮೂಲೆ ಮುರಿದ ಚೀಟಿಗೆ ಒಂದೋ ಎರಡೋ ಅಂಕವಾದರೂ ಉಂಟು. ಅಂಚು ಕತ್ತರಿಸಿದುದು ಗೊತ್ತಾದರೆ ಅಂಕವೇ ಇಲ್ಲ.