ಪ್ರಸಾಧನ ಕಲೆ: ಗೌರವದ ಬದುಕಿಗೊಂದು ಕಾಯಕ

ಭರತ ಹುಣ್ಣಿಮೆಯ ಜಾತ್ರೆಗೆ ಉಚ್ಚಂಗಿದುರ್ಗಕ್ಕೆ ಬಂದ ಹೆಣ್ಣುಮಕ್ಕಳು ಬಳೆ, ಕುಂಕುಮ, ಕಾಡಿಗೆಗಳ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದುಂಟೆ? ನೊಳಂಬರ ಕಾಲದ ಆ ಕೋಟೆಯ ನೆರಳಿನಲ್ಲಿ, ಅಂತಹ ಒಂದು ಅಂಗಡಿಯ ಬಳಿ, ಪರಿಚಯದ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದು ತಮ್ಮ ಮನದ ಅಳಲನ್ನು ತೋಡಿಕೊಂಡರು. ಪಿಯುಸಿ ಮುಗಿಸಿದ ಮಗಳು ಮದುವಣಗಿತ್ತಿಯರಿಗೆ ಮೇಕಪ್ ಮಾಡುವ ವಿದ್ಯೆಯನ್ನು ಕಲಿತು ಅದರಿಂದಲೇ ಬದುಕು ಕಟ್ಟಿಕೊಳ್ಳುವೆನೆಂದು ಹಟ ಹಿಡಿದಿದ್ದಾಳಂತೆ. “ಮಂದಿ ಮಾರಿಗೆ ಬಣ್ಣ ಹಚ್ಚೋ ಕೆಲಸ ನಮ್ಮ ಮನೆತನಕ್ಕೆ ಒಪ್ಪತೈತೇನ್ರಿ? ನಾಳೆ ಬೀಗರು ಏನಂದಾರು?” ಎಂಬುದು ಅವರ ಪ್ರಶ್ನೆ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದು ಇದೇ ಮಾತು ನಡೆದಿದೆ. ಆದುದರಿಂದ ಆ ತಾಯಿಗೆ ನಾವು ಹೇಳಿದುದನ್ನೇ ತುಸು ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇವೆ.

ಹಿರಿಯರ ಅಳುಕು

ಹಿರಿಯರ ಅಳುಕನ್ನು ಅರ್ಥವಿಲ್ಲದ್ದೆಂದು ತಳ್ಳಿಹಾಕಲಾಗದು. ಎಳೆಯ ಹೆಣ್ಣುಮಕ್ಕಳನ್ನು ಸಿಂಗರಿಸಿ ದೇವರ ಹೆಸರಿನಲ್ಲಿ ಬಿಡುತ್ತಿದ್ದ ದೇವದಾಸಿ ಪದ್ಧತಿಯ ನೋವನ್ನು ಈ ನೆಲ ಉಂಡಿದೆ. 1982ರ ಕಾಯಿದೆ ಅದನ್ನು ನಿಷೇಧಿಸಿತು. ಆದರೆ ಸಿಂಗಾರವೆಂದೊಡನೆ ಸಂಶಯಪಡುವ ಕಣ್ಣು ಮಾತ್ರ ಹಾಗೆಯೇ ಉಳಿಯಿತು. ನಾಟಕದ ಕಲಾವಿದೆಯರನ್ನು ಊರು ನೋಡಿದ ರೀತಿಯಲ್ಲಿಯೂ ಈ ಸಂಶಯವಿತ್ತು. ಆ ನೋವಿಗೆ ಕಾರಣವಾದುದು ಹೆಣ್ಣನ್ನು ಪರಾಧೀನಳನ್ನಾಗಿ ಇಟ್ಟ ವ್ಯವಸ್ಥೆಯೇ ವಿನಾ ಬಣ್ಣವಾಗಲಿ ಕನ್ನಡಿಯಾಗಲಿ ಅಲ್ಲವೆಂಬುದನ್ನು ನಾವು ಮರೆಯಬಾರದು. ತನ್ನ ಕೈಕಸುಬಿನಿಂದ ಗಳಿಸಿ ತನ್ನ ಹೆಸರಿನ ಪಾಸ್‌ಬುಕ್ಕಿನಲ್ಲಿ ಹಣ ಇಡುವ ಹೆಣ್ಣುಮಗಳು ಆ ಪರಾಧೀನತೆಯಿಂದ ದೂರ ನಡೆದವಳು.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ನೆನೆಯೋಣ. ವೇಷಗಳನ್ನು ಧರಿಸಿ ಜನರನ್ನು ರಂಜಿಸುವುದೇ ಬಹುರೂಪಿ ಚೌಡಯ್ಯನವರ ಕಾಯಕ. ರೇಮಮ್ಮನವರನ್ನು ನಾವು ಇಂದಿಗೂ ಕನ್ನಡಿ ಕಾಯಕದ ರೇಮಮ್ಮನೆಂದೇ ಕರೆಯುತ್ತೇವೆ. ವೇಷಕ್ಕೂ ಕನ್ನಡಿಗೂ ಅಂದು ಶರಣರ ನಡುವೆ ದೊರೆತ ಮನ್ನಣೆಯನ್ನು ಇಂದು ನಾವು ನಿರಾಕರಿಸುವುದು ಯಾವ ನ್ಯಾಯ?

ರಂಗಭೂಮಿಯಿಂದ ಬಂದ ವಿದ್ಯೆ

ಮೇಕಪ್ ಪಟ್ಟಣದಿಂದ ಬಂದ ಹೊಸ ಶೋಕಿಯೆಂದು ತಿಳಿಯಬೇಕಾಗಿಲ್ಲ. ನಮ್ಮ ಬಯಲಾಟದ ವೇಷಧಾರಿಗಳು ಅರದಾಳ, ಇಂಗಳೀಕ, ಕಾಡಿಗೆಗಳಿಂದ ಮುಖ ಬರೆದುಕೊಂಡವರು. ಆದರೆ ಅರದಾಳದಲ್ಲಿರುವುದು ಶಂಖಪಾಷಾಣದ ಅಂಶ, ಇಂಗಳೀಕದಲ್ಲಿರುವುದು ಪಾದರಸ. ಬಣ್ಣದ ಬೆಡಗಿನ ಹಿಂದೆ ಚರ್ಮಕ್ಕೆ ಎಂತಹ ಅಪಾಯವಿರಬಲ್ಲುದೆಂಬುದಕ್ಕೆ ಇದೊಂದು ಹಳೆಯ ಪಾಠ. ಪೋಲೆಂಡಿನಲ್ಲಿ ಹುಟ್ಟಿ, ವಿಗ್ ಕಟ್ಟುವ ಕೆಲಸದಿಂದ ಬದುಕು ಆರಂಭಿಸಿ, ಅಮೆರಿಕೆಗೆ ವಲಸೆ ಹೋದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ಚಲನಚಿತ್ರಕ್ಕೆಂದೇ ತೆಳುವಾದ ಬಣ್ಣವನ್ನು ಸಿದ್ಧಪಡಿಸಿದರು. ಅವರ ಕಂಪನಿ 1930ರ ದಶಕದ ಕೊನೆಯಲ್ಲಿ ಹೊರತಂದ ‘ಪ್ಯಾನ್‌ಕೇಕ್’ ಎಂಬ ಹೆಸರು ನಮ್ಮ ನಾಟಕದವರ ಬಾಯಲ್ಲಿಯೂ ನೆಲೆಸಿತು.

ವೃತ್ತಿ ರಂಗಭೂಮಿಯ ಹಿರಿಯ ಜೀವ ಏಣಗಿ ಬಾಳಪ್ಪನವರು (1914–2017) ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಗೆ ಬಣ್ಣ ಹಚ್ಚಿದವರು. ಮುಂದೆ ಬಸವಣ್ಣನವರ ಪಾತ್ರದಿಂದ ಮನೆಮಾತಾದವರು. ಸಾಣೇಹಳ್ಳಿಯ ಶ್ರೀಮಠದ ‘ಶಿವಸಂಚಾರ’ ತಂಡ 1997ರಿಂದ ನಾಡಿನುದ್ದಕ್ಕೂ ನಾಟಕವಾಡುತ್ತಿದೆ. ಮಠವೇ ಬಣ್ಣದ ಪೆಟ್ಟಿಗೆಯನ್ನು ಹೊತ್ತು ಊರೂರು ತಿರುಗಿರುವಾಗ ಮನೆತನದ ಮರ್ಯಾದೆ ಅದರಿಂದ ಕುಂದೀತೆಂದು ನಾವೇಕೆ ಅಂಜಬೇಕು?

ಕನ್ನಡದ ಪ್ರಸಾಧನ ಕಲೆಗೆ ರಾಷ್ಟ್ರಮಟ್ಟದ ಮನ್ನಣೆಯೂ ದೊರೆತಿದೆ. 2014ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಪ್ರಸಾಧನ ಪ್ರಶಸ್ತಿ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ನಾಗರಾಜು ಮತ್ತು ರಾಜು ಅವರಿಗೆ ಸಂದಿತು. 2016ರ ಸಾಲಿನಲ್ಲಿ ಅದೇ ಪ್ರಶಸ್ತಿ ಅಲ್ಲಮಪ್ರಭುವಿನ ಬದುಕನ್ನು ತೆರೆಗೆ ತಂದ ‘ಅಲ್ಲಮ’ ಚಿತ್ರದ ಪ್ರಸಾಧನಕ್ಕೆ ಬಂದಿತು.

ಕೋರ್ಟಿನಲ್ಲಿ ಗೆದ್ದ ಹಕ್ಕು

ಈ ವೃತ್ತಿಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತಾನಾಗಿ ತೆರೆಯಲಿಲ್ಲ. ಮುಂಬಯಿಯ ಚಿತ್ರರಂಗದ ಪ್ರಸಾಧಕರ ಸಂಘ ದಶಕಗಳ ಕಾಲ ಗಂಡಸರಿಗೆ ಮಾತ್ರ ಮೇಕಪ್ ಕಲಾವಿದರೆಂಬ ಗುರುತುಚೀಟಿ ಕೊಡುತ್ತಿತ್ತು. ಹೆಂಗಸರು ಕೇಶಾಲಂಕಾರಕ್ಕಷ್ಟೇ ಅರ್ಹರೆಂಬುದು ಅದರ ಕಟ್ಟಳೆ. ತರಬೇತಿ ಪಡೆದಿದ್ದ ಚಾರು ಖುರಾನಾ ಮತ್ತು ಇತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿ ದೀಪಕ್ ಮಿಶ್ರಾ ಮತ್ತು ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠ ಆ ಕಟ್ಟಳೆಯನ್ನು ರದ್ದುಗೊಳಿಸಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಎತ್ತಿಹಿಡಿದ ಹಕ್ಕಿಗೆ ನಮ್ಮ ಮನೆಯ ಹೊಸ್ತಿಲು ಅಡ್ಡಿಯಾಗುವುದು ಸಲ್ಲದು.

ಬಣ್ಣಕ್ಕಿಂತ ಮೊದಲು ಚರ್ಮ

ಇನ್ನು ಮಗಳಿಗೆ ಹೇಳಬೇಕಾದ ಮಾತು. ಒಂದು ವಾರ ಕಲಿತು ಪೆಟ್ಟಿಗೆ ಕೊಂಡೊಡನೆ ಯಾರೂ ಪ್ರಸಾಧಕಿಯಾಗುವುದಿಲ್ಲ. ಚರ್ಮದ ಗುಣವನ್ನು ಓದಬಲ್ಲವಳೇ ನಿಜವಾದ ಪ್ರಸಾಧಕಿ. ಹೊಸ ಸಾಮಗ್ರಿಯನ್ನು ಮದುವೆಯ ಹಿಂದಿನ ದಿನವಾದರೂ ಕಿವಿಯ ಹಿಂದೆಯೋ ಮೊಳಕೈಯ ಒಳಮಡಿಕೆಯಲ್ಲೋ ತುಸು ಹಚ್ಚಿ, ಉರಿ ತುರಿಕೆಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬಳಸತಕ್ಕದ್ದು. ‘ಕಪ್ಪು ಮೆಹಂದಿ’ಯಲ್ಲಿ ಬೆರೆಸುವ ಪಿ.ಪಿ.ಡಿ. ಎಂಬ ರಾಸಾಯನಿಕದಿಂದ ಕೈಮೇಲೆ ಬೊಬ್ಬೆಗಳೇಳಬಹುದು. ಒಬ್ಬರ ಕಣ್ಣಿಗೆ ತಾಗಿಸಿದ ಕಡ್ಡಿಯನ್ನು ಮತ್ತೊಬ್ಬರಿಗೆ ತಾಗಿಸಬಾರದು. ತುಟಿಯ ಬಣ್ಣವನ್ನು ನೇರವಾಗಿ ಹಚ್ಚದೆ ಚಿಕ್ಕ ತಟ್ಟೆಗೆ ತೆಗೆದುಕೊಂಡು ಬ್ರಷ್ಷಿನಿಂದ ಹಚ್ಚಬೇಕು. ಬ್ರಷ್ಷುಗಳನ್ನು ಪ್ರತಿಯೊಬ್ಬರ ಬಳಿಕವೂ ತೊಳೆದು ಶುಚಿಗೊಳಿಸಬೇಕು. ಅವಧಿ ಮೀರಿದ ಡಬ್ಬಿಯನ್ನು ಬೆಲೆಯ ಆಸೆಗೆ ಉಳಿಸಿಕೊಳ್ಳಬಾರದು.

ನಮ್ಮ ಮದುವೆಗಳ ರೀತಿಯನ್ನೂ ಆಕೆ ಅರಿತಿರಬೇಕು. ಹಿಂದಿನ ದಿನದ ಅರಿಶಿಣ ಚರ್ಮದಲ್ಲಿ ಹಳದಿ ಛಾಯೆಯನ್ನು ಉಳಿಸುವುದರಿಂದ ಮೂಲಬಣ್ಣವನ್ನು ಮುಹೂರ್ತದ ದಿನ ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ. ಹಣೆಯಲ್ಲಿ ವಿಭೂತಿಗೂ ಬಾಸಿಂಗಕ್ಕೂ ಸ್ಥಳ ಬಿಡಬೇಕು. ಬೇಸಗೆಯ ಮದುವೆಯಲ್ಲಿ ಬೆವರಿಗೆ ಕರಗದಂತೆ ತೆಳುವಾಗಿ ಪದರ ಪದರವಾಗಿ ಹಚ್ಚುವ ತಾಳ್ಮೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮದುಮಗಳನ್ನು ಬೆಳ್ಳಗೆ ಮಾಡಿಕೊಡಿರೆಂಬ ಒತ್ತಾಯಕ್ಕೆ ಮಣಿಯಬಾರದು. ಮುಖ ಒಂದು ಬಣ್ಣ, ಕೊರಳು ಒಂದು ಬಣ್ಣವಾದರೆ ಫೋಟೋದಲ್ಲಿ ನಗೆಪಾಟಲು. ಬೆಳ್ಳಗಾಗಲೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಪಾದರಸವೋ ಸ್ಟೆರಾಯ್ಡೋ ಇರುವುದುಂಟು. ಗೋಧಿಬಣ್ಣದವಳಾಗಲಿ ಕಪ್ಪುಬಣ್ಣದವಳಾಗಲಿ, ಕನ್ನಡಿ ನೋಡಿದ ಮದುಮಗಳು ತನ್ನನ್ನೇ ಅಲ್ಲಿ ಕಾಣುವಂತಿರಬೇಕು.

ಕಲಿಕೆ, ಬಂಡವಾಳ, ಲೆಕ್ಕ

ಕಲಿಯಲು ಲಕ್ಷಗಟ್ಟಲೆ ಸುರಿಯಲೇಬೇಕೆಂದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಬ್ಯೂಟಿ ಪಾರ್ಲರ್ ತರಬೇತಿಯನ್ನು ಊಟ ವಸತಿಗಳೊಡನೆ ಉಚಿತವಾಗಿ ನೀಡುತ್ತವೆ. ಐಟಿಐಗಳ ಪಠ್ಯಕ್ರಮದಲ್ಲಿ ಸೌಂದರ್ಯ ಪ್ರಸಾಧನದ ಒಂದು ವರ್ಷದ ತರಬೇತಿಯೂ ಇದೆ. ರಂಗಪ್ರಸಾಧನದಲ್ಲಿ ಆಸಕ್ತಿಯಿದ್ದವರಿಗೆ 1980ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಆ ಬಳಿಕ ಅನುಭವಿಗಳೊಬ್ಬರ ಕೈಕೆಳಗೆ ಕೆಲವು ಕಾಲ ಪೆಟ್ಟಿಗೆ ಹೊತ್ತು ನಡೆದರೆ ಪುಸ್ತಕದಲ್ಲಿಲ್ಲದ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಬಂಡವಾಳಕ್ಕೆ 2015ರಲ್ಲಿ ಬಂದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಸಾಲ ದೊರೆಯುತ್ತದೆ. ಸ್ತ್ರೀಶಕ್ತಿ ಸಂಘಗಳ ನೆರವೂ ಉಂಟು.

ಆದರೆ ಸಾಲಕ್ಕೆ ಕೈಯೊಡ್ಡುವ ಮುನ್ನ ಪಂಚಾಂಗವನ್ನು ನೋಡಿಕೊಳ್ಳುವುದು ಒಳಿತು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲ. ಬ್ಯಾಂಕಿನ ಕಂತಿಗೆ ಮಾತ್ರ ಶೂನ್ಯಮಾಸವಿಲ್ಲ. ಮುಹೂರ್ತಗಳ ತಿಂಗಳಲ್ಲಿ ಬಂದುದನ್ನೆಲ್ಲ ಖರ್ಚು ಮಾಡದೆ, ಸಾಮಗ್ರಿಗೆ ಒಂದು ಪಾಲು, ಬರಡು ತಿಂಗಳಿಗೆ ಒಂದು ಪಾಲು ತೆಗೆದಿಡುವ ರೂಢಿ ಮೊದಲ ದಿನದಿಂದಲೇ ಬರಲಿ. ಒಪ್ಪಿದ ದರ, ದಿನ, ವೇಳೆ, ಮುಂಗಡ ಇವೆಲ್ಲವನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ. ಬಂಧುಗಳೆಂಬ ಕಾರಣಕ್ಕೆ ಕೆಲಸ ಮಾಡಿಸಿಕೊಂಡು ಎಲೆ ಅಡಿಕೆ ಕೊಟ್ಟು ಕಳಿಸುವ ನಮ್ಮ ಅಭ್ಯಾಸವನ್ನು ನಾವೂ ಬಿಡಬೇಕು. ಮಂಟಪ ಕಟ್ಟಿದವನಿಗೆ, ಅಡಿಗೆ ಮಾಡಿದವನಿಗೆ ಕೊಡುವ ಕೂಲಿ ಬಣ್ಣ ಹಚ್ಚಿದ ಕೈಗೂ ಸಲ್ಲಬೇಕು.

ಮನೆಯವರ ಪಾಲು

ಮುಂಜಾವದ ಮುಹೂರ್ತವಿದ್ದರೆ ಪ್ರಸಾಧಕಿ ನಾಲ್ಕು ಗಂಟೆಗೆಲ್ಲ ಮದುವೆಮನೆಯಲ್ಲಿರಬೇಕು. ಆ ಹೊತ್ತಿನಲ್ಲಿ ದಾವಣಗೆರೆಗೋ ಹರಪನಹಳ್ಳಿಗೋ ಮಗಳು ಒಬ್ಬಳೇ ಹೋಗುವುದು ಹೇಗೆಂಬ ಚಿಂತೆ ತಾಯಿಗೆ ಸಹಜ. ಮಗಳನ್ನು ತಡೆದರೆ ಈ ಚಿಂತೆಗೆ ಪರಿಹಾರ ದೊರೆತಂತಾಗದು. ತಂದೆಯೋ ತಮ್ಮನೋ ಜೊತೆಯಲ್ಲಿ ಹೋಗಿ ಬರಲಿ; ಇಬ್ಬರು ಗೆಳತಿಯರು ಕೂಡಿ ಕೆಲಸ ಹಿಡಿಯಲಿ; ಕರೆಸಿಕೊಂಡ ಮನೆಯವರು ಹಿಂದಿನ ರಾತ್ರಿಯೇ ತಂಗಲು ಯೋಗ್ಯ ಏರ್ಪಾಡು ಮಾಡಲಿ.

ನಮ್ಮ ಮಾತು ಕೇಳಿದ ಆ ತಾಯಿ ಕೂಡಲೇ ಒಪ್ಪಲಿಲ್ಲ. “ಅವರಪ್ಪನ್ನ ಒಂದ್ ಮಾತ್ ಕೇಳ್ತೀನ್ರಿ” ಎಂದಷ್ಟೇ ಹೇಳಿ, ಅಂಗಡಿಯಲ್ಲಿ ಮಗಳಿಗೊಂದು ಕೈಗನ್ನಡಿ ಕೊಂಡು ಜನಸಂದಣಿಯಲ್ಲಿ ಮರೆಯಾದರು. ತಂದೆಯೂ ಒಪ್ಪಲಿ, ಆ ಮಗಳ ಕೈಯಲ್ಲಿ ಸಿಂಗಾರಗೊಂಡ ಮದುಮಗಳು ನಮ್ಮ ನಿಮ್ಮ ಮನೆಗೆ ಸೊಸೆಯಾಗಿ ಬರಲಿ ಎಂದು ಹಾರೈಸುತ್ತೇವೆ.