ಗ್ರಿಪ್ಸ್‌ಹಾಲ್ಮ್ ಕೋಟೆ
ಸ್ವೀಡನ್ ದೇಶದ ಮೇಲಾರೆನ್ ಸರೋವರದ ದಡದಲ್ಲಿ ನಾಲ್ಕು ದುಂಡು ಗೋಪುರಗಳುಳ್ಳ ಕೋಟೆಯೊಂದಿದೆ. ಅದೇ ಗ್ರಿಪ್ಸ್‌ಹಾಲ್ಮ್. 14ನೆಯ ಶತಮಾನದಲ್ಲಿ ಬೋ ಯೋನ್ಸನ್ ಗ್ರಿಪ್ ಎಂಬ ಸರದಾರನು ಇಲ್ಲಿ ಮೊದಲ ಕೋಟೆಯನ್ನು ಕಟ್ಟಿಸಿದನು. ಹೆಸರು ಅವನಿಂದ ಬಂದುದು. ಈಗಿರುವ ಕಟ್ಟಡವು 1537ರಲ್ಲಿ ದೊರೆ ಗುಸ್ತಾವ್ ವಾಸಾ ಆರಂಭಿಸಿದ್ದು. ನೆರೆಯಲ್ಲಿದ್ದ ಕ್ರೈಸ್ತ ಸಂನ್ಯಾಸಿಗಳ ಮಠವನ್ನು ಕೆಡವಿಸಿ, ಅದರ ಇಟ್ಟಿಗೆಗಳನ್ನೇ ಅವನು ಇದಕ್ಕೆ ಬಳಸಿದನು.

ಹಗೆಗಳನ್ನು ತಡೆಯಲೆಂದು ಎದ್ದ ಆ ಗೋಡೆಗಳು ಅವನ ಮಕ್ಕಳಿಗೇ ಸೆರೆಮನೆಯಾದುವು! ಹಿರಿಯ ಮಗ 14ನೆಯ ಎರಿಕನು ಬಹು ಸಂಶಯದವನು. ತಮ್ಮನಾದ ಯೋಹಾನನು ಪೋಲೆಂಡಿನ ರಾಜಕುವರಿ ಕ್ಯಾಥರೀನಳನ್ನು ವರಿಸಿದುದು ಅವನಿಗೆ ಸಹನೆಯಾಗಲಿಲ್ಲ. 1563ರಲ್ಲಿ ಯೋಹಾನನನ್ನು ಇಲ್ಲಿ ಬಂಧಿಸಿಟ್ಟನು. ಗಂಡನನ್ನು ಬಿಟ್ಟು ಬಾಳುವ ಅವಕಾಶವಿದ್ದರೂ ಕ್ಯಾಥರೀನಳು ಸೆರೆಯನ್ನೇ ಆರಿಸಿಕೊಂಡಳು. 1566ರಲ್ಲಿ ಇಲ್ಲಿಯೇ ಜನಿಸಿದ ಅವರ ಮಗ ಸಿಗಿಸ್ಮಂಡನು ಮುಂದೆ ಪೋಲೆಂಡ್, ಸ್ವೀಡನ್ ಎರಡಕ್ಕೂ ದೊರೆಯಾದನು. ಅಷ್ಟರಲ್ಲಿ ಕಾಲಚಕ್ರ ಉರುಳಿತ್ತು. 1568ರಲ್ಲಿ ಯೋಹಾನನು ಅಣ್ಣನನ್ನು ಪದಚ್ಯುತಗೊಳಿಸಿದನು. 1571ರಲ್ಲಿ ಎರಿಕನು ಅದೇ ಕೋಟೆಗೆ ಬಂದಿಯಾಗಿ ಬಂದನು.

ತರುವಾಯ ಇದು ವಿಧವೆಯರಾದ ರಾಣಿಯರ ನಿವಾಸವಾಯಿತು. 1780ರ ದಶಕದಲ್ಲಿ ನಾಟಕಪ್ರಿಯನಾದ 3ನೆಯ ಗುಸ್ತಾವನು ಗೋಪುರವೊಂದರೊಳಗೆ ರಂಗಮಂದಿರವನ್ನು ಕಟ್ಟಿಸಿದನು. ಅದಿನ್ನೂ ಕೆಡದೆ ಉಳಿದಿರುವುದು ಸೋಜಿಗವೇ ಸರಿ. ಅವನ ಮಗ 4ನೆಯ ಗುಸ್ತಾವ್ ಅಡಾಲ್ಫನಾದರೋ 1809ರಲ್ಲಿ ಇಲ್ಲಿಯೇ ಬಂಧನದಲ್ಲಿದ್ದು ಸಿಂಹಾಸನವನ್ನು ತ್ಯಜಿಸಬೇಕಾಯಿತು. 1822ರಿಂದ ಇಲ್ಲಿ ರಾಷ್ಟ್ರದ ಭಾವಚಿತ್ರ ಸಂಗ್ರಹವಿದೆ. ಹಳೆಯ ದೊರೆಗಳ ಚಿತ್ರಗಳೊಡನೆ ನಮ್ಮ ಕಾಲದ ಗಣ್ಯರ ಚಿತ್ರಗಳೂ ಅಲ್ಲಿ ಸೇರುತ್ತಲಿವೆ.