ತೆಹರಾನಿನ ಮತ, ವಾಷಿಂಗ್ಟನ್ನಿನ ವಿಳಂಬ

ಹಗೆತನವಿರುವ ರಾಷ್ಟ್ರದಲ್ಲಿ ಹೊಸ ಅಧ್ಯಕ್ಷನೊಬ್ಬನು ಚುನಾಯಿತನಾದೊಡನೆ, ಅಲ್ಲಿಯ ರಾಜ್ಯದ ಸಂಕಲ್ಪವೇ ಬದಲಾಯಿತೆಂದು ಹಿಗ್ಗುವವರೂ, ಯಾರು ಬಂದರೇನು, ಎಲ್ಲರೂ ಒಂದೇ ಎಂದು ಮೂಗುಮುರಿಯುವವರೂ ರಾಜಧಾನಿಗಳಲ್ಲಿ ಎಂದೆಂದಿಗೂ ಇದ್ದಾರೆ. ಇವರಿಬ್ಬರ ಎಣಿಕೆಯೂ ಹೇಗೆ ತಪ್ಪಬಲ್ಲುದೆಂಬುದಕ್ಕೆ ಅಮೆರಿಕವು ಇರಾನಿನ ವಿಷಯದಲ್ಲಿ ನಡೆದುಕೊಂಡ ರೀತಿಗಿಂತ ಸ್ಫುಟವಾದ ನಿದರ್ಶನ ಸಮೀಪದ ಚರಿತ್ರೆಯಲ್ಲಿ ದೊರೆಯುವುದು ದುರ್ಲಭ.

ಇರಾನಿನ ಅಧ್ಯಕ್ಷನು ಜನರಿಂದ ಆಯ್ಕೆಗೊಂಡವನಾದರೂ, ಸೇನೆ, ನ್ಯಾಯಾಂಗ, ಸಂಧಿವಿಗ್ರಹಗಳ ಕೊನೆಯ ಮಾತು ಪರಮೋಚ್ಚ ನಾಯಕನದು. ಸ್ಪರ್ಧಿಸಲು ಯಾರು ಯೋಗ್ಯರೆಂಬುದನ್ನು ಸಹ 12 ಮಂದಿಯ ಸಂರಕ್ಷಕ ಮಂಡಲಿಯೇ ಜರಡಿ ಹಿಡಿದು ತೀರ್ಮಾನಿಸುತ್ತದೆ. ಇಷ್ಟಾಗಿಯೂ 1997ರ ಮೇ ತಿಂಗಳಿನಲ್ಲಿ, ಆಳುವವರ ಒಲವು ಬೇರೊಬ್ಬರ ಕಡೆಗಿದ್ದಾಗ, ಸುಧಾರಣಾವಾದಿ ಮಹಮ್ಮದ್ ಖಾತಮಿಯವರು ಸುಮಾರು ನೂರಕ್ಕೆ 70 ಮತಗಳಿಂದ ಗೆದ್ದರು. ಮುಂದಿನ ಜನವರಿಯಲ್ಲಿ ಅವರು ಅಮೆರಿಕದ ದೂರದರ್ಶನದ ಮೂಲಕ ಆ ದೇಶದ ಜನತೆಯನ್ನೇ ಉದ್ದೇಶಿಸಿ, ಅವರ ನಾಗರಿಕತೆಯನ್ನು ಗೌರವದಿಂದ ಸ್ಮರಿಸಿ ಮಾತನಾಡಿದರು. ಪ್ರತಿಯಾಗಿ ಅಮೆರಿಕದ ಕುಸ್ತಿಪಟುಗಳು ತೆಹರಾನಿಗೆ ಹೋಗಿ ಬಂದರು. ಕುಸ್ತಿ ಒಳ್ಳೆಯದೇ, ಆದರೆ ಅದು ರಾಜನೀತಿಯಲ್ಲ.

ರಾಜನೀತಿಯ ಹೆಜ್ಜೆ ಬಂದುದು 2000ದ ಮಾರ್ಚಿನಲ್ಲಿ. ಅಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮ್ಯಾಡಲೀನ್ ಆಲ್‌ಬ್ರೈಟ್‌ ಅವರು, 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಕ್ ಅವರ ಸರಕಾರವನ್ನು ಉರುಳಿಸಿದುದರಲ್ಲಿ ತಮ್ಮ ದೇಶದ ಕೈಯಿದ್ದುದನ್ನು ಒಪ್ಪಿಕೊಂಡು, ರತ್ನಗಂಬಳಿ, ಪಿಸ್ತಾ, ಒಣಹಣ್ಣುಗಳ ಆಮದಿನ ಮೇಲಿನ ನಿಷೇಧವನ್ನು ತೆರವುಗೊಳಿಸಿದರು. ಆದರೆ ಅದೇ ಭಾಷಣದಲ್ಲಿ, ಅಲ್ಲಿಯ ನಿಜವಾದ ಅಧಿಕಾರ ಜನ ಚುನಾಯಿಸದವರ ಕೈಯಲ್ಲಿದೆಯೆಂದೂ ನುಡಿದುಬಿಟ್ಟರು. ಮಾತು ಸತ್ಯವೇ, ಆದರೆ ಯಾರ ಸಮ್ಮತಿಯಿಲ್ಲದೆ ಒಂದು ಸಹಿಯೂ ಬೀಳುತ್ತಿರಲಿಲ್ಲವೋ ಆ ಪರಮೋಚ್ಚ ನಾಯಕ ಖಮೇನಿಯವರನ್ನೇ ಅದು ಕೆಣಕಿತು. ಮರುತಿಂಗಳೇ ಸುಧಾರಣಾವಾದಿಗಳ ಪತ್ರಿಕೆಗಳು ಸಾಲುಸಾಲಾಗಿ ಮುಚ್ಚಲ್ಪಟ್ಟವು. ಆಲ್‌ಬ್ರೈಟ್ ಅವರ ಈ ಉಪಚಾರ 1998ರಲ್ಲಿಯೇ ನಡೆದಿದ್ದರೆ ಖಾತಮಿಯವರ ಕೈ ಸ್ವಲ್ಪವಾದರೂ ಬಲಗೊಳ್ಳುತ್ತಿತ್ತೆಂದೇ ನನ್ನ ಅಭಿಪ್ರಾಯ. 2001ರ ಕೊನೆಯಲ್ಲಿ ಕಾಬೂಲಿನ ಹೊಸ ಆಡಳಿತವನ್ನು ರೂಪಿಸಲು ಇರಾನಿನ ರಾಜತಂತ್ರಜ್ಞರು ಅಮೆರಿಕದೊಡನೆ ಸಹಕರಿಸಿದ್ದರೂ, ತರುವಾಯದ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರು ಇರಾನನ್ನು ‘ದುಷ್ಟಕೂಟ’ಕ್ಕೆ ಸೇರಿಸಿ ಉಳಿದ ಬಾಗಿಲನ್ನೂ ಮುಚ್ಚಿದರು.

2013ರಲ್ಲಿ ನಡೆದುದು ಬೇರೆ. ಆ ಜೂನಿನಲ್ಲಿ ಹಸನ್ ರೂಹಾನಿ ಮೊದಲ ಸುತ್ತಿನಲ್ಲಿಯೇ ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದು ಗೆಲ್ಲುವುದಕ್ಕೆ ಮೊದಲೇ, ಆಗಿನ ಅಧ್ಯಕ್ಷ, ಕಟುಭಾಷಿಯಾದ ಅಹಮದಿನೆಜಾದ್ ಅವರ ಅವಧಿಯಲ್ಲಿಯೇ, ನಾಯಕರ ಅನುಜ್ಞೆಯಿಂದ ಒಮಾನ್ ದೇಶದಲ್ಲಿ ಅಣುಯೋಜನೆಯ ಕುರಿತು ಅಮೆರಿಕದೊಡನೆ ಗುಪ್ತಸಂಧಾನ ಮೊದಲಾಗಿತ್ತು. ದಿಗ್ಬಂಧನದಿಂದ ತೈಲದ ಆದಾಯ ಕುಸಿದುದೂ ಇದಕ್ಕೆ ಕಾರಣ. ನಾಯಕರ ಅಪ್ಪಣೆ, ಜನರ ಆದೇಶಗಳೆರಡೂ ಒಂದೇ ಕಾಲದಲ್ಲಿ ಕೂಡಿಬಂದುದನ್ನು ಅಮೆರಿಕದ ಅಧ್ಯಕ್ಷ ಒಬಾಮಾ ಕಂಡುಕೊಂಡರು. ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ಮಾತು, ನವೆಂಬರಿನಲ್ಲಿ ಜಿನೀವಾದ ಮಧ್ಯಂತರ ಒಪ್ಪಂದ, 2015ರ ಜುಲೈ 14ರಂದು ವಿಯೆನ್ನಾದಲ್ಲಿ ಪೂರ್ಣ ಅಣು ಒಪ್ಪಂದ. ಯುರೇನಿಯಂ ಸಾಂದ್ರೀಕರಣವನ್ನು ಶೇಕಡಾ 3.67ಕ್ಕೆ, ದಾಸ್ತಾನನ್ನು 300 ಕಿಲೋಗ್ರಾಮಿಗೆ ಇಳಿಸಲು ಇರಾನ್ ಒಪ್ಪಿತು.

ಈ ದೂರದ ಜಗಳಗಳ ಬಿಸಿ ನಮ್ಮ ನಾಡನ್ನೂ ತಟ್ಟದೆ ಇರಲಿಲ್ಲ. ಷಾ ಆಳ್ವಿಕೆಯ ಇರಾನ್ 63 ಕೋಟಿ ಡಾಲರ್ ಸಾಲ ಕೊಡಲೊಪ್ಪಿದುದರಿಂದ ಹುಟ್ಟಿದ ಕುದುರೆಮುಖದ ಗಣಿ, 1979ರ ಕ್ರಾಂತಿಯ ತರುವಾಯ ತನ್ನ ಅದಿರಿಗೆ ಬೇರೆ ಗಿರಾಕಿಯನ್ನು ಹುಡುಕಬೇಕಾಯಿತು. ಇರಾನಿನ ಕಚ್ಚಾತೈಲವನ್ನು ಹೇರಳವಾಗಿ ಕೊಳ್ಳುತ್ತಿದ್ದ ಮಂಗಳೂರಿನ ಸಂಸ್ಕರಣಾಗಾರವೂ 2019ರಲ್ಲಿ ಆ ವ್ಯಾಪಾರವನ್ನು ಕೈಬಿಟ್ಟಿತು.

ಆ ತೈಲವ್ಯಾಪಾರ ನಿಂತುದಕ್ಕೆ ಕಾರಣವಾದುದು ಇರಾನಿನ ಚುನಾವಣೆಯಲ್ಲ, ಅಮೆರಿಕದ್ದು. ತೆಹರಾನಿನ ದೃಷ್ಟಿಯಲ್ಲಿ ಹೊಸ ಅಧ್ಯಕ್ಷನನ್ನು ಆರಿಸುವ ವೈರಿರಾಷ್ಟ್ರವೆಂದರೆ ಅಮೆರಿಕವೇ ಅಲ್ಲವೆ? 2016ರಲ್ಲಿ ಗೆದ್ದ ಟ್ರಂಪ್, ಇರಾನ್ ಷರತ್ತುಗಳನ್ನು ಪಾಲಿಸುತ್ತಿದೆಯೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತೆ ಮತ್ತೆ ವರದಿಮಾಡಿದ್ದರೂ, 2018ರ ಮೇ 8ರಂದು ಒಪ್ಪಂದದಿಂದ ಹೊರನಡೆದು, ದಿಗ್ಬಂಧನವನ್ನು ಮರಳಿ ಹೇರಿದರು. ಅಮೆರಿಕದೊಡನೆ ಮಾತು ವ್ಯರ್ಥವೆಂದು ಮೊದಲಿಂದಲೂ ಸಾರುತ್ತಿದ್ದ ಇರಾನಿನ ಕಠೋರವಾದಿಗಳಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಬೇಕಿರಲಿಲ್ಲ. ರೂಹಾನಿಯವರ ಮಾತಿಗೆ ಸ್ವದೇಶದಲ್ಲಿಯೇ ಬೆಲೆ ಉಳಿಯಲಿಲ್ಲ. 2021ರಲ್ಲಿ ಕಠೋರವಾದಿ ಇಬ್ರಾಹಿಂ ರೈಸಿ ಅಧ್ಯಕ್ಷರಾದರು. ಅಂಥವರೊಡನೆ ವ್ಯವಹರಿಸಬೇಕಾಗಿ ಬಂದ ಸಂಕಟದಲ್ಲಿ ಅರ್ಧಪಾಲಾದರೂ ವಾಷಿಂಗ್ಟನ್ ತನ್ನ ಕೈಯಾರೆ ತಂದುಕೊಂಡದ್ದು.